ಪಾಸ್ಟರಮ್ಮನ ಮನೆಗೆ ಒಂದೇ ರಾತ್ರಿ 80 ಜನ: ಸ್ಟ್ರಾಸ್‌ಬರ್ಗ್, 1524

1524ರ ಬೇಸಿಗೆ. ರೈನ್ ನದಿಗೆ ಹತ್ತಿರದ ಸ್ಟ್ರಾಸ್‌ಬರ್ಗ್ ನಗರಕ್ಕೆ ಸುಮಾರು 150 ಗಂಡಸರು ಬಂದು ಸೇರಿದರು. ಎಲ್ಲರೂ ಕೆಂಟ್ಸಿಂಗೆನ್ ಎಂಬ ಸಣ್ಣ ಪಟ್ಟಣದವರು. ಹೆಂಡತಿ, ಮಕ್ಕಳು, ಹೊಲ, ಕಸುಬು ಎಲ್ಲವನ್ನೂ ಅಲ್ಲೇ ಬಿಟ್ಟು ಬಂದಿದ್ದರು. ವಾಪಸ್ ಹೋಗುವಂತಿರಲಿಲ್ಲ. ಆ ರಾತ್ರಿ ಅವರಲ್ಲಿ 80 ಜನರನ್ನು ಒಬ್ಬ ಪಾಸ್ಟರಮ್ಮ, ಅಂದರೆ ಸಭೆಯ ಬೋಧಕರೊಬ್ಬರ ಹೆಂಡತಿ, ತಮ್ಮ ಮನೆಯೊಳಗೆ ಸೇರಿಸಿಕೊಂಡರು. ಹೆಸರು ಕಟರೀನಾ ಝೆಲ್. ವಯಸ್ಸು ಇಪ್ಪತ್ತಾರರ ಆಸುಪಾಸು. ಮದುವೆಯಾಗಿ ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ.

ಪಾಸ್ಟರಮ್ಮಂದಿರು ತೀರಿಕೊಂಡಾಗ ನಮ್ಮ ಸಭೆಗಳಲ್ಲಿ ಹೇಳುವ ಮಾತು ಒಂದಿದೆ. ‘ಯಾರೇ ಬಂದರೂ ಊಟ ಹಾಕದೆ ಕಳಿಸುತ್ತಿರಲಿಲ್ಲ.’ ಅದು ನಿಜವಾದ ಮಾತು, ಪ್ರೀತಿಯ ಮಾತು. ಆದರೆ ಅಲ್ಲಿಗೇ ಮುಗಿಸಿಬಿಡುತ್ತೇವೆ. ಆ ಊಟದ ಅಕ್ಕಿ ಎಲ್ಲಿಂದ ಬಂತು, ಯಾರನ್ನು ಒಳಗೆ ಕರೆದಿದ್ದಕ್ಕೆ ಯಾರು ಸಿಟ್ಟಾದರು, ಬಂದವರ ಹಿಂದೆ ಉಳಿದವರ ಗತಿ ಏನಾಯಿತು, ಇದನ್ನೆಲ್ಲ ಕೇಳುವುದಿಲ್ಲ. ಕಟರೀನಾ ಅವರ ವಿಷಯದಲ್ಲಿ ಇಷ್ಟನ್ನೂ ಕೇಳಬಹುದು. ಯಾಕೆಂದರೆ ಅವರು ಬರೆದಿಟ್ಟಿದ್ದಾರೆ. ಐನೂರು ವರ್ಷ ಹಿಂದೆ, ಲ್ಯಾಟಿನ್ ಶಾಲೆಯ ಮೆಟ್ಟಿಲು ಹತ್ತದ ಒಬ್ಬ ಮರಗೆಲಸದವರ ಮಗಳು ತನ್ನ ಮಾತೃಭಾಷೆ ಜರ್ಮನ್‌ನಲ್ಲಿ ಬರೆದು, ಅಚ್ಚು ಹಾಕಿಸಿದ ಬರಹಗಳು ಇವತ್ತಿಗೂ ಉಳಿದಿವೆ. ಹಾಗಾಗಿ ಈ ಪ್ರಕರಣವನ್ನು ಆರಿಸಿಕೊಂಡೆ. ಆ ಒಂದು ರಾತ್ರಿಯಿಂದ ಶುರು ಮಾಡಿ, ಅವರ ಮನೆಯ ಬಾಗಿಲು ಮುಂದಿನ ಮೂವತ್ತೆಂಟು ವರ್ಷ ಯಾರ‍್ಯಾರಿಗೆ ತೆರೆಯಿತು ಅಂತ ನೋಡೋಣ.

ಅವರು ಯಾಕೆ ಓಡಿ ಬಂದರು

ಕೆಂಟ್ಸಿಂಗೆನ್ ಇರುವುದು ಸ್ಟ್ರಾಸ್‌ಬರ್ಗ್‌ನ ದಕ್ಷಿಣಕ್ಕೆ, ರೈನ್ ನದಿಯ ಆಚೆ ದಡದಲ್ಲಿ. ಆಗ ಅದು ಆಸ್ಟ್ರಿಯದ ಹ್ಯಾಬ್ಸ್‌ಬರ್ಗ್ ಅರಸುಮನೆತನದ ಕೈಯಲ್ಲಿತ್ತು. ಅಲ್ಲಿನ ಬೋಧಕ ಯಾಕೋಬ್ ಓಟರ್, ಕ್ಯಾಥೊಲಿಕ್ ಸಭೆಯ ಸುಧಾರಣೆಗೆ ಕರೆ ಕೊಟ್ಟ ಮಾರ್ಟಿನ್ ಲೂಥರ್ ಅವರ ದಾರಿ ಹಿಡಿದು, ಸುವಾರ್ತೆಯನ್ನು ಜನರ ಭಾಷೆಯಲ್ಲಿ ಸಾರುತ್ತಿದ್ದರು. ಆಸ್ಟ್ರಿಯದ ಆಳುವವರಿಗೆ ಇದು ಸಹಿಸಲಾಗದ ವಿಷಯ. ಓಟರ್ ಊರು ಬಿಡಬೇಕಾಯಿತು. ಅವರನ್ನು ಒಬ್ಬರೇ ಕಳಿಸಲು ಊರಿನವರಿಗೆ ಮನಸ್ಸಾಗಲಿಲ್ಲ. ಸುಮಾರು 150 ಗಂಡಸರು ಕಾವಲಾಗಿ ಜೊತೆಗೆ ಹೊರಟರು. ಅವರು ಹೋದ ಮೇಲೆ ಸೈನ್ಯ ಬಂದು ಊರನ್ನು ಹಿಡಿಯಿತು. ಬೋಧಕರನ್ನು ಬಿಟ್ಟು ತಿರುಗಿ ಬಂದರೆ ಊರ ಬಾಗಿಲು ಮುಚ್ಚಿತ್ತು. ಒಳಗೆ ಊರಿನ ಲೆಕ್ಕಪತ್ರ ಬರೆಯುವವನ ತಲೆ ಕಡಿಸಿದ್ದರು. ಹೆಂಗಸರು ಒಳಗೆ, ಗಂಡಸರು ಹೊರಗೆ. ಹೀಗೆ ಹೊರಗುಳಿದವರು ಸ್ಟ್ರಾಸ್‌ಬರ್ಗ್ ಕಡೆ ನಡೆದರು.

ಸ್ಟ್ರಾಸ್‌ಬರ್ಗ್ ಇವತ್ತು ಫ್ರಾನ್ಸ್‌ನಲ್ಲಿದೆ. ಆಗ ಅದು ಜರ್ಮನ್ ಸಾಮ್ರಾಜ್ಯದೊಳಗಿನ ಸ್ವತಂತ್ರ ನಗರ. ಯಾವ ರಾಜನೂ ನೇರವಾಗಿ ಆಳುತ್ತಿರಲಿಲ್ಲ, ನಗರಸಭೆಯೇ ಎಲ್ಲ ನೋಡಿಕೊಳ್ಳುತ್ತಿತ್ತು. ಕಸುಬುದಾರರ ಸಂಘಗಳಿಗೆ ಅಲ್ಲಿ ದೊಡ್ಡ ಮಾತು. ಜನಸಂಖ್ಯೆ ಇಪ್ಪತ್ತು ಸಾವಿರಕ್ಕೆ ಸ್ವಲ್ಪ ಜಾಸ್ತಿ. ಇಂಥ ಊರಿಗೆ ಆಸ್ಟ್ರಿಯದ ಶತ್ರುಗಳೆಂದು ಹೆಸರು ಹೊತ್ತ 150 ಜನ ಒಟ್ಟಿಗೆ ಬಂದರೆ ನಗರಸಭೆಗೂ ತಲೆನೋವೇ. ಕರೆದರೆ ಆಸ್ಟ್ರಿಯದ ಸಿಟ್ಟು, ಕಳಿಸಿದರೆ ಊರೊಳಗಿನ ಸುಧಾರಣೆಯ ಪರವಾದ ಜನರ ಸಿಟ್ಟು.

ಇನ್ನೊಂದು ಸಂಗತಿ ಇಲ್ಲಿ ಮುಖ್ಯ. ಒಂದು ವರ್ಷ ಮೊದಲು, 1523ರಲ್ಲಿ, ನಗರವು ಬಡವರ ನೆರವಿಗೆ ಹೊಸ ಏರ್ಪಾಡು ಮಾಡಿತ್ತು. ಭಿಕ್ಷೆ ಬೇಡುವುದನ್ನು ನಿಲ್ಲಿಸಿ, ದಾನದ ಹಣವನ್ನೆಲ್ಲ ಒಂದೇ ಕಡೆ ಸೇರಿಸಿ, ನಿಜವಾಗಿ ಬಡವರಾದವರಿಗೆ ಹಂಚುವುದು. ಇದರ ಉಸ್ತುವಾರಿ ಲೂಕಸ್ ಹಾಕ್‌ಫರ್ಟ್ ಎಂಬವರದು. ಒಳ್ಳೆಯ ಏರ್ಪಾಡೇ. ಆದರೆ ಅದು ಮುಖ್ಯವಾಗಿ ಊರಿನ ಬಡವರಿಗಾಗಿ ಮಾಡಿದ್ದು. ಹೊರಗಿನಿಂದ ಗುಂಪುಗುಂಪಾಗಿ ಬರುವವರನ್ನು ವಾರಗಟ್ಟಲೆ ಇಟ್ಟುಕೊಳ್ಳಲು ಯಾರ ಬಳಿಯೂ ಏರ್ಪಾಡು ಇರಲಿಲ್ಲ. ಆ ಸಂದಿನಲ್ಲಿ ಕೆಲಸಕ್ಕೆ ಬಂದದ್ದು ಕಟರೀನಾ ಅವರ ಮನೆ.

ಆ ಮನೆ ಎಂಥದ್ದು

ಕಟರೀನಾ (ತವರಿನ ಹೆಸರು ಶೂಟ್ಸ್) ಸ್ಟ್ರಾಸ್‌ಬರ್ಗ್‌ನಲ್ಲೇ ಹುಟ್ಟಿ ಬೆಳೆದವರು. ಚಿಕ್ಕಂದಿನಿಂದ ಭಕ್ತಿ ಜಾಸ್ತಿ. ಮದುವೆ ಬೇಡ, ದೇವರ ಕೆಲಸಕ್ಕೇ ಇರುತ್ತೇನೆ ಎಂದುಕೊಂಡಿದ್ದವರು. ಮಠ ಸೇರದೆ ಮನೆಯಲ್ಲೇ ಇದ್ದರು. ಎಷ್ಟು ಉಪವಾಸ, ಎಷ್ಟು ಪ್ರಾರ್ಥನೆ ಮಾಡಿದರೂ ದೇವರು ತನ್ನನ್ನು ಒಪ್ಪಿಕೊಂಡಿದ್ದಾನೋ ಇಲ್ಲವೋ ಎಂಬ ಚಿಂತೆ ಹೋಗಲಿಲ್ಲ. ಲೂಥರ್ ಬರಹಗಳು ಮತ್ತು ಮ್ಯಾಥ್ಯೂ ಝೆಲ್ ಅವರ ಬೋಧನೆ ಕೇಳಿದ ಮೇಲೆ ಆ ಚಿಂತೆ ಬಿಟ್ಟಿತು.

ಮ್ಯಾಥ್ಯೂ ಝೆಲ್ 1518ರಲ್ಲಿ ಸ್ಟ್ರಾಸ್‌ಬರ್ಗ್‌ಗೆ ಬಂದ ಪಾದ್ರಿ. ಅವರ ಬೋಧನೆಗೆ ಜನ ಕಿಕ್ಕಿರಿಯುತ್ತಿದ್ದರು. ದೊಡ್ಡ ದೇವಾಲಯದ ಕಲ್ಲಿನ ಪೀಠವನ್ನು ಹತ್ತಲು ಮೇಲಿನವರು ಬಿಡದೆ ಹೋದಾಗ, ಊರಿನ ಬಡಗಿಗಳು ಅವರಿಗೆ ಎತ್ತಿಕೊಂಡು ಹೋಗಬಹುದಾದ ಮರದ ಪೀಠ ಮಾಡಿಕೊಟ್ಟರು. 1523ರ ಡಿಸೆಂಬರ್ 3ರಂದು ಬೆಳಿಗ್ಗೆ ಬೇಗ, ಜನರ ಎದುರಿಗೆ, ಕಟರೀನಾ ಮತ್ತು ಮ್ಯಾಥ್ಯೂ ಮದುವೆಯಾದರು. ಮದುವೆ ಮಾಡಿಸಿದವರು ಸುಧಾರಣೆಯ ಪರವಾದ ಬೋಧಕ ಮಾರ್ಟಿನ್ ಬುಟ್ಸರ್. ಪಾದ್ರಿ ಮದುವೆಯಾಗುವುದು ಆಗ ಅಪರಾಧ. 1524ರ ಏಪ್ರಿಲ್‌ನಲ್ಲಿ ಬಿಷಪ್ ಮ್ಯಾಥ್ಯೂ ಅವರನ್ನೂ ಮದುವೆಯಾದ ಇತರ ಪಾದ್ರಿಗಳನ್ನೂ ಸಭೆಯಿಂದ ಬಹಿಷ್ಕರಿಸಿದರು.

ಅಂದರೆ ಜುಲೈನಲ್ಲಿ ಆ 80 ಜನ ಬಾಗಿಲಿಗೆ ಬಂದಾಗ, ಈ ಮನೆ ಸುಖವಾಗಿ ನೆಲೆ ನಿಂತ ಮನೆ ಆಗಿರಲಿಲ್ಲ. ಗಂಡನಿಗೆ ಬಹಿಷ್ಕಾರ ಆಗಿ ಮೂರು ತಿಂಗಳು. ಕಟರೀನಾ ಅವರ ಮೇಲೆ ಊರೆಲ್ಲ ಇಲ್ಲಸಲ್ಲದ ಮಾತು. ಗಂಡ ಹೊಡೆದ, ಕೆಲಸದವಳ ಜೊತೆ ಸಿಕ್ಕಿಬಿದ್ದ ಎಂದೆಲ್ಲ ಪುಕಾರು ಹಬ್ಬಿಸಿದ್ದರು. ಇಂಥ ಹೊತ್ತಿನಲ್ಲಿ ಯಾರಾದರೂ ‘ಸದ್ಯ ನಮ್ಮದೇ ನಮಗೆ ಸಾಕಾಗಿದೆ’ ಅಂದರೆ ತಪ್ಪು ಹುಡುಕಲು ಆಗುತ್ತಿತ್ತಾ? ಅವರು ಹಾಗೆ ಅನ್ನಲಿಲ್ಲ. ನನಗೆ ಈ ಪ್ರಕರಣದಲ್ಲಿ ತುಂಬಾ ದೊಡ್ಡದಾಗಿ ಕಾಣುವುದು ಇದೇ. ತಾನೇ ಹೊರಗೆ ಹಾಕಿಸಿಕೊಂಡ ಮನೆ ಇನ್ನೊಬ್ಬರನ್ನು ಒಳಗೆ ಕರೆಯಿತು.

ಊಟದ ಲೆಕ್ಕ

ಮೂವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ, 1557ರಲ್ಲಿ, ಸ್ಟ್ರಾಸ್‌ಬರ್ಗ್ ಜನರಿಗೆ ಬರೆದ ಪತ್ರದಲ್ಲಿ ಕಟರೀನಾ ಈ ಘಟನೆಯನ್ನು ನೆನೆಯುತ್ತಾರೆ. ಮೊದಲ ರಾತ್ರಿ 80 ಜನರಿಗೆ ಮನೆಯಲ್ಲಿ ಜಾಗ. ಆಮೇಲೆ ನಾಲ್ಕು ವಾರ ದಿನವೂ 50ಕ್ಕೆ, 60ಕ್ಕೆ ಕಡಿಮೆಯಿಲ್ಲದ ಜನರಿಗೆ ಊಟ. ಊರಿನ ಅನೇಕ ಭಕ್ತರೂ ದೊಡ್ಡವರೂ ಇದಕ್ಕೆ ಕೈ ಜೋಡಿಸಿದರು ಎಂದೂ ಬರೆದಿದ್ದಾರೆ.

ಸ್ವಲ್ಪ ಲೆಕ್ಕ ಹಾಕೋಣ. 50 ಜನ ಅಂತಲೇ ಇಟ್ಟುಕೊಳ್ಳಿ. ದಿನಕ್ಕೆ ಎರಡೇ ಹೊತ್ತು. 28 ದಿನ. ಒಟ್ಟು 2,800 ಊಟ. ನೀರು ಬಾವಿಯಿಂದ ಸೇದಬೇಕು. ಒಲೆಗೆ ಸೌದೆ ಬೇಕು. ರೊಟ್ಟಿ ದಿನವೂ ಬೇಕು. ತಟ್ಟೆ ತೊಳೆಯಬೇಕು, ಹಾಸಿಗೆ ಒಣಗಿಸಬೇಕು. ಒಬ್ಬ ಪಾಸ್ಟರಮ್ಮನ ಕೈಯೊಂದೇ ಇದನ್ನು ಮಾಡಲು ಸಾಧ್ಯವಿಲ್ಲ. ಅವರೂ ಹಾಗೆ ಹೇಳಿಕೊಳ್ಳುವುದಿಲ್ಲ. ಕೊಟ್ಟವರನ್ನು ನೆನೆಯುತ್ತಾರೆ. ಆತಿಥ್ಯ ಅಂದರೆ ಒಬ್ಬ ಮಹಾತಾಯಿ ತನ್ನ ಮಡಕೆಯಿಂದ ಬಡಿಸುತ್ತಲೇ ಇರುವುದು ಎಂಬ ಚಿತ್ರ ನಮ್ಮ ತಲೆಯಲ್ಲಿ ಇದೆ, ಅಲ್ವಾ? ಇಲ್ಲಿ ನಡೆದದ್ದು ಬೇರೆ. ಅವರು ಮೊದಲು ತಮ್ಮ ಬಾಗಿಲು ತೆರೆದರು. ಆ ಬಾಗಿಲು ತೆರೆದದ್ದು ನೋಡಿ ಊರಿನವರು ತಮ್ಮ ಚೀಲ ಬಿಚ್ಚಿದರು. ಕೇಳುವ ಹಕ್ಕು ಅವರಿಗೆ ಬಂದದ್ದು ಮೊದಲು ಕೊಟ್ಟಿದ್ದರಿಂದ.

ಇಂಥ ಅಮ್ಮಂದಿರನ್ನು ನಮ್ಮ ಕಡೆಯೂ ಕಂಡವರಿದ್ದೀರಿ. ಕನ್ವೆನ್ಷನ್ ಸಮಯದಲ್ಲಿ ಹೊರಗಿನಿಂದ ಬಂದವರಿಗೆಲ್ಲ ಪಾಸ್ಟರ್ ಮನೆಯಲ್ಲೇ ಇಳಿದುಕೊಳ್ಳುವ ಏರ್ಪಾಡು. ಯಾರ ಮನೆಯಿಂದ ಎಷ್ಟು ಸೇರು ಅಕ್ಕಿ ಬರಬಹುದು, ಯಾರ ಮನೆಯಲ್ಲಿ ದೊಡ್ಡ ಪಾತ್ರೆ ಇದೆ ಎಂದು ಅವರಿಗೆ ಬಾಯಿಪಾಠ ಇರುತ್ತದೆ. ಅದು ಒಂದು ಆಡಳಿತ. ಅದಕ್ಕೆ ಆಡಳಿತ ಎಂಬ ಹೆಸರನ್ನು ನಾವು ಕೊಟ್ಟಿಲ್ಲ, ಅಷ್ಟೇ.

ಹಿಂದೆ ಉಳಿದ ಹೆಂಗಸರಿಗೆ ಒಂದು ಪತ್ರ

ಊಟ ಹಾಕಿದ್ದಕ್ಕೇ ಕಥೆ ಮುಗಿದಿದ್ದರೆ ಕಟರೀನಾ ಅವರ ಹೆಸರು ಇಷ್ಟು ದೂರ ಬರುತ್ತಿರಲಿಲ್ಲವೇನೋ. ಮೇಜಿನ ಸುತ್ತ ಕೂತ ಆ ಗಂಡಸರ ಹೆಂಡತಿಯರು ಕೆಂಟ್ಸಿಂಗೆನ್‌ನಲ್ಲೇ ಇದ್ದರು. ಸೈನಿಕರ ನಡುವೆ, ಗಂಡ ಬದುಕಿದ್ದಾನೋ ಇಲ್ಲವೋ ತಿಳಿಯದೆ. ಅದೇ ಜುಲೈನಲ್ಲಿ ಕಟರೀನಾ ಆ ಹೆಂಡತಿಯರಿಗೆ ಒಂದು ಪತ್ರ ಬರೆದು ಅಚ್ಚು ಹಾಕಿಸಿದರು. ಅವರ ಮೊದಲ ಮುದ್ರಿತ ಬರಹ ಅದೇ.

ಸುಮ್ನೆ ಸಮಾಧಾನ ಹೇಳುವ ಪತ್ರ ಅಲ್ಲ ಅದು. ಅಬ್ರಹಾಮನು ಮಗನನ್ನು ಬಲಿಗೆ ಕರೆದೊಯ್ದಾಗ ತೋರಿದ ಧೈರ್ಯವನ್ನು ನೀವೂ ತೋರಿಸಿ ಎಂದು ಆ ಹೆಂಗಸರನ್ನು ಹುರಿದುಂಬಿಸುತ್ತಾರೆ. ತಾಯಿ ತನ್ನ ಮೊಲೆಕೂಸನ್ನು ಮರೆತರೂ ದೇವರು ನಿಮ್ಮನ್ನು ಮರೆಯುವುದಿಲ್ಲ ಎಂಬ ಯೆಶಾಯನ ಮಾತನ್ನು ಅವರ ಮುಂದೆ ಇಡುತ್ತಾರೆ. ಬೇರೆ ಬೋಧಕರು ಹೆಂಗಸರಿಗೆ ತಾಳ್ಮೆ ಬೋಧಿಸುತ್ತಿದ್ದ ಕಾಲ. ಇವರು ನಂಬಿಕೆಯ ತಂದೆ ಅನ್ನಿಸಿಕೊಂಡ ಅಬ್ರಹಾಮನನ್ನೇ ತಂದು ಹೆಂಗಸರ ಪಕ್ಕ ನಿಲ್ಲಿಸಿದರು.

ಈ ಪತ್ರವನ್ನು ನಾನು ಆತಿಥ್ಯದ ಭಾಗವಾಗಿಯೇ ಓದುತ್ತೇನೆ. ಮನೆಗೆ ಬರಲು ಆಗದವರ ಹತ್ತಿರ ಮನೆಯ ಮಾತು ತಾನಾಗಿ ನಡೆದು ಹೋಗಿದೆ. ನಿರಾಶ್ರಿತರ ಜೊತೆ ಕೆಲಸ ಮಾಡುವವರು ಇವತ್ತಿಗೂ ಹೇಳುವುದು ಇದನ್ನೇ. ಓಡಿ ಬಂದವನಿಗೆ ಹೊಟ್ಟೆ ತುಂಬಿದ ಮೇಲೆ ನಿದ್ದೆ ಬರುವುದಿಲ್ಲ, ಬಿಟ್ಟು ಬಂದವರ ನೆನಪು ಕಾಡುತ್ತದೆ.

ಅದೇ ವರ್ಷ ಕಟರೀನಾ ಇನ್ನೊಂದು ಬರಹವನ್ನೂ ಅಚ್ಚು ಹಾಕಿಸಿದರು. ತಮ್ಮ ಮದುವೆಯನ್ನೂ ಗಂಡನ ಹೆಸರನ್ನೂ ಸಮರ್ಥಿಸುವ ಬರಹ. ಬಿಷಪ್ಪರಿಗೂ ಖಾರವಾಗಿಯೇ ಪತ್ರ ಹೋಗಿತ್ತು. ನಗರಸಭೆ ಗಾಬರಿಯಾಗಿ, ಇನ್ನು ಹೆಂಡತಿ ಇಂಥದ್ದನ್ನು ಅಚ್ಚು ಹಾಕಿಸದಂತೆ ನೋಡಿಕೊಳ್ಳಿ ಎಂದು ಮ್ಯಾಥ್ಯೂ ಅವರಿಗೆ ಹೇಳಿ ಕಳಿಸಿತು. ನಿರಾಶ್ರಿತರಿಗೆ ಅಡುಗೆ ಮಾಡಿದರೆ ಎಲ್ಲರಿಗೂ ಸಂತೋಷ. ಬಾಯಿ ತೆರೆದರೆ ಮಾತ್ರ ಕಷ್ಟ. ಎಷ್ಟೋ ಪಾಸ್ಟರಮ್ಮಂದಿರಿಗೆ ಈ ಅನುಭವ ಇವತ್ತಿಗೂ ಹೊಸದಲ್ಲ ಎಂದು ನೋವಿನಿಂದಲೇ ಹೇಳಬೇಕು.

ಮ್ಯಾಥ್ಯೂ ಅವರನ್ನು ಇಲ್ಲಿ ನೆನೆಯಲೇಬೇಕು. ಅವರು ಹೆಂಡತಿಯನ್ನು ಸುಮ್ಮನಿರಿಸಲಿಲ್ಲ. ತಮ್ಮ ಸಹಾಯಕ ಬೋಧಕಿ ಎನ್ನುವ ಹಾಗೆಯೇ ಅವರನ್ನು ಕಂಡರು. ಯೇಸು ಕ್ರಿಸ್ತನು ದೇವರ ಮಗನು, ಎಲ್ಲರ ರಕ್ಷಕನು ಎಂದು ಒಪ್ಪುವ ಯಾರಿಗೇ ಆಗಲಿ ತನ್ನ ಮೇಜಿನಲ್ಲಿ ಜಾಗ ಇದೆ ಎನ್ನುವುದು ಅವರ ಮಾತಾಗಿತ್ತು. ಈ ಮಾತನ್ನು ನಮಗಾಗಿ ಉಳಿಸಿಕೊಟ್ಟವರು ಕಟರೀನಾ.

1525: ಮೂರು ಸಾವಿರ ಜನ

ಮುಂದಿನ ವರ್ಷ ಬಂದದ್ದು ಇದಕ್ಕಿಂತ ಎಷ್ಟೋ ದೊಡ್ಡ ಪರೀಕ್ಷೆ. ಜರ್ಮನ್ ನಾಡುಗಳಲ್ಲೆಲ್ಲ ರೈತರು ಎದ್ದರು. ಕಂದಾಯ, ಬಿಟ್ಟಿ ದುಡಿಮೆ, ಧಣಿಗಳ ಕಾಟ ಸಾಕಾಗಿತ್ತು. ಕಟರೀನಾ, ಮ್ಯಾಥ್ಯೂ ಮತ್ತು ಇತರ ಬೋಧಕರು ರೈತರ ಪಾಳೆಯಕ್ಕೇ ಹೋಗಿ, ಆಯುಧ ಎತ್ತಬೇಡಿ ಎಂದು ಬೇಡಿಕೊಂಡರು. ಯಾರೂ ಕೇಳಲಿಲ್ಲ. ಮೇ ತಿಂಗಳಲ್ಲಿ ಲೊರೇನ್‌ನ ಡ್ಯೂಕ್ ಸೈನ್ಯ ಸ್ಟ್ರಾಸ್‌ಬರ್ಗ್ ಸುತ್ತಲಿನ ಆಲ್ಸೇಸ್ ನಾಡಿಗೆ ನುಗ್ಗಿ ಸಾವಿರಾರು ರೈತರನ್ನು ಕೊಂದು ಹಾಕಿತು.

ಉಳಿದವರು, ವಿಧವೆಯರು, ಮಕ್ಕಳು ಸ್ಟ್ರಾಸ್‌ಬರ್ಗ್‌ಗೆ ಬಂದರು. ಸುಮಾರು 3,000 ಜನ ಎಂದು ಇತಿಹಾಸಕಾರರು ಬರೆಯುತ್ತಾರೆ. ಅಂದರೆ ಊರಿನ ಏಳೆಂಟು ಜನಕ್ಕೆ ಒಬ್ಬ ನಿರಾಶ್ರಿತ. ಇಷ್ಟು ಜನರನ್ನು ಪಾಸ್ಟರ್ ಮನೆಯಲ್ಲಿ ಮಲಗಿಸಲು ಆಗುವುದಿಲ್ಲ. ಕಟರೀನಾ ಮತ್ತು ಹಾಕ್‌ಫರ್ಟ್ ಸೇರಿ ಜನರನ್ನು ಫ್ರಾನ್ಸಿಸ್ಕನ್ ಮಠಕ್ಕೆ ಕರೆದೊಯ್ದರು. ಈಗ ಕ್ಲೆಬರ್ ಚೌಕ ಎನ್ನುವ ಜಾಗದಲ್ಲಿ ಆ ಮಠ ಇತ್ತು. ಊರಿನ ಗಂಡಸರು, ಹೆಂಗಸರನ್ನು ಸೇರಿಸಿ ಸೇವೆಗೆ ನಿಲ್ಲಿಸಿದರು. ಹಣ, ಬಟ್ಟೆ, ಆಹಾರ ಕೂಡಿಸಿದರು.

1524ರಲ್ಲಿ ಮನೆಯೊಳಗೆ ಕಲಿತದ್ದು 1525ರಲ್ಲಿ ಊರಿನ ಮಟ್ಟದಲ್ಲಿ ಕೆಲಸಕ್ಕೆ ಬಂತು ಎಂದು ನನಗೆ ಅನ್ನಿಸುತ್ತದೆ. ಕೆಂಟ್ಸಿಂಗೆನ್‌ನವರು ತಮ್ಮ ಮತದವರು, ಸುವಾರ್ತೆಗಾಗಿ ಕಷ್ಟಪಟ್ಟವರು. ಅವರನ್ನು ಕರೆಯುವುದು ಸುಲಭ. ರೈತರು ಹಾಗಲ್ಲ. ಕಟರೀನಾ ಅವರ ಮಾತನ್ನು ಕೇಳದೆ ಹೋಗಿ ಸೋತು ಬಂದವರ ಮನೆಯವರು ಇವರು. ಲೂಥರ್ ಅವರೇ ಆ ವರ್ಷ ದಂಗೆ ಎದ್ದ ರೈತರ ವಿರುದ್ಧ ಬಹಳ ಕಠಿಣವಾಗಿ ಬರೆದಿದ್ದರು. ಅವರ ಬರಹದಿಂದ ಬದುಕು ಪಡೆದ ಈ ತಾಯಿ ಆ ವಿಷಯದಲ್ಲಿ ಅವರನ್ನು ಅನುಸರಿಸಲಿಲ್ಲ. ಬಡ ರೈತರು ಎಂದೇ ಅವರನ್ನು ಕರೆದರು, ಕರೆದು ಊಟ ಕೊಟ್ಟರು.

ದೂರದೂರಿನ ಸ್ನೇಹಿತರು

1529ರ ಸೆಪ್ಟೆಂಬರ್. ಮುಂದಿನ ತಿಂಗಳು ಜರ್ಮನಿಯ ಮಾರ್ಬುರ್ಗ್‌ನಲ್ಲಿ ಒಂದು ದೊಡ್ಡ ಮಾತುಕತೆ ಇತ್ತು. ಪ್ರಭು ಭೋಜನದಲ್ಲಿ ರೊಟ್ಟಿ, ದ್ರಾಕ್ಷಾರಸ ಎಂದರೇನು ಎಂಬ ಬಗ್ಗೆ ಲೂಥರ್ ಒಂದು ಹೇಳುತ್ತಿದ್ದರು, ಸ್ವಿಸ್ ಸುಧಾರಕರು ಇನ್ನೊಂದು ಹೇಳುತ್ತಿದ್ದರು. ಜ್ಯೂರಿಕ್‌ನ ಉಲ್ರಿಕ್ ಝ್ವಿಂಗ್ಲಿ, ಬಾಸೆಲ್‌ನ ಎಕೊಲಾಂಪಾಡಿಯಸ್ ಅಲ್ಲಿಗೆ ಹೋಗುವ ದಾರಿಯಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಇಳಿದರು. (ಬಾಸೆಲ್ ಎಂದರೆ ಮಂಗಳೂರು, ಧಾರವಾಡದ ಕಡೆಯವರಿಗೆ ಹೇಳಬೇಕಾಗಿಲ್ಲ. ಆ ಊರಿನ ಹೆಸರು ಹೊತ್ತ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು.) ಹದಿನಾಲ್ಕು ದಿನ ಅವರಿಗೆ ತಾನೇ ಕೆಲಸದವಳು, ತಾನೇ ಅಡುಗೆಯವಳು ಆಗಿದ್ದೆ ಎಂದು ಕಟರೀನಾ ಆಮೇಲೆ ಸಂತೋಷದಿಂದ ನೆನೆದಿದ್ದಾರೆ.

ಮಾರ್ಬುರ್ಗ್ ಮಾತುಕತೆ ಮುರಿದುಬಿತ್ತು. ಹೆಚ್ಚಿನ ವಿಷಯಗಳಲ್ಲಿ ಒಪ್ಪಿದವರು ಪ್ರಭು ಭೋಜನದ ವಿಷಯದಲ್ಲಿ ಒಪ್ಪಲಿಲ್ಲ. ಕಟರೀನಾ ಲೂಥರ್‌ಗೆ ಬರೆದರು. ಈ ಜಗಳದಲ್ಲಿ ಪ್ರೀತಿ ಎಲ್ಲಿ ಹೋಯಿತು ಎನ್ನುವ ಧಾಟಿಯ ಪತ್ರ. ಲೂಥರ್ 1531ರ ಜನವರಿಯಲ್ಲಿ ಉತ್ತರಿಸಿದರು. ಪ್ರೀತಿ ಎಲ್ಲಕ್ಕಿಂತ ಮುಂದೆ ಇರಬೇಕು ನಿಜ, ಆದರೆ ದೇವರು ಪ್ರೀತಿಗಿಂತಲೂ ಮೇಲೆ ಎಂದರು. ಇಬ್ಬರ ನಡುವಿನ ಗೌರವ ಮುರಿಯಲಿಲ್ಲ. 1538ರಲ್ಲಿ ಕಟರೀನಾ, ಮ್ಯಾಥ್ಯೂ ಇಬ್ಬರೂ ವಿಟೆನ್‌ಬರ್ಗ್‌ವರೆಗೆ ಹೋಗಿ ಲೂಥರ್ ಅವರನ್ನು ಕಂಡು ಬಂದರು. ಆ ಕಾಲದ ರಸ್ತೆಗಳಲ್ಲಿ, ಅರವತ್ತು ದಾಟಿದ ಗಂಡನ ಜೊತೆ ಅಷ್ಟು ದೂರ! ಊಟಕ್ಕೆ ಕರೆದವರ ಮನೆಗೆ ತಾವೂ ಅತಿಥಿಯಾಗಿ ಹೋಗುವುದು ಸ್ನೇಹದ ಇನ್ನೊಂದು ಅರ್ಧ. ಅದನ್ನೂ ಅವರು ಮಾಡಿದರು.

ಸಿಲೇಸಿಯಾದಿಂದ (ಈಗ ಹೆಚ್ಚಿನ ಭಾಗ ಪೋಲೆಂಡ್‌ನಲ್ಲಿದೆ) ಬಂದ ಕಾಸ್ಪರ್ ಶ್ವೆಂಕ್‌ಫೆಲ್ಡ್ ಅವರ ಕಥೆ ಇನ್ನೂ ಕಷ್ಟದ್ದು. ಊರು ಬಿಟ್ಟು ಬಂದ ಈ ಶ್ರೀಮಂತ ಮನೆತನದವರ ವಿಚಾರಗಳು ಲೂಥರ್‌ಗೂ ಆಗಲಿಲ್ಲ, ಬುಟ್ಸರ್‌ಗೂ ಆಗಲಿಲ್ಲ. ಝೆಲ್ ಮನೆಯಲ್ಲಿ ಅವರು ಉಳಿದುಕೊಂಡರು. 1530ರ ದಶಕದಲ್ಲಿ ಸ್ಟ್ರಾಸ್‌ಬರ್ಗ್ ಅವರನ್ನು ಹೊರಗೆ ಕಳಿಸಿತು. ಕಟರೀನಾ ಸ್ನೇಹ ಬಿಡಲಿಲ್ಲ, ಪತ್ರ ಬರೆಯುತ್ತಲೇ ಇದ್ದರು. ಆದರೆ ಅವರ ಶಿಷ್ಯೆ ಎಂದು ಕರೆಸಿಕೊಳ್ಳಲೂ ಒಪ್ಪಲಿಲ್ಲ. ಸ್ನೇಹ ಬೇರೆ, ಪಂಗಡ ಬೇರೆ ಎಂದು ಅವರಿಗೆ ಸ್ಪಷ್ಟವಿತ್ತು. ಊರಿನ ಪಾದ್ರಿಗಳಿಗೆ ಅದು ಕೊನೆಯವರೆಗೂ ಅರ್ಥವಾಗಲಿಲ್ಲ.

ಬೊಹೆಮಿಯಾದ (ಇಂದಿನ ಚೆಕ್ ನಾಡಿನ) ಸಹೋದರ ಸಭೆಯವರ ಹಾಡುಗಳನ್ನು ಅವರು 1534ರಿಂದ 1536ರ ನಡುವೆ ನಾಲ್ಕು ಸಣ್ಣ ಪುಸ್ತಕಗಳಾಗಿ ಅಚ್ಚು ಹಾಕಿಸಿದರು. ಬಡವರೂ ಕೊಳ್ಳಲಿ ಎಂದು ಸಣ್ಣದಾಗಿ ಮಾಡಿಸಿದ್ದು. ಕೆಲಸ ಮಾಡುತ್ತಾ ಕಸುಬುದಾರ ಹಾಡಲಿ, ಪಾತ್ರೆ ತೊಳೆಯುತ್ತಾ ಕೆಲಸದವಳು ಹಾಡಲಿ, ತೊಟ್ಟಿಲು ತೂಗುತ್ತಾ ತಾಯಿ ಹಾಡಲಿ ಎಂದು ಮುನ್ನುಡಿಯಲ್ಲಿ ಬರೆದರು. ಅವರ ಸ್ವಂತ ಇಬ್ಬರು ಮಕ್ಕಳೂ ಕೂಸಾಗಿದ್ದಾಗಲೇ ತೀರಿಕೊಂಡಿದ್ದರು. ಆ ಸಾಲನ್ನು ಓದುವಾಗ ಇದು ನೆನಪಾಗದೆ ಇರುವುದಿಲ್ಲ.

ಎರಡು ಚಿನ್ನದ ನಾಣ್ಯ

ಮ್ಯಾಥ್ಯೂ 1548ರ ಜನವರಿಯಲ್ಲಿ ತೀರಿಕೊಂಡರು. ಸಮಾಧಿಯ ಬಳಿ ಸೇರಿದ ಜನರಿಗೆ ಕಟರೀನಾ ಮಾತಾಡಿದರು. ಹೆಂಗಸು ಹಾಗೆ ಮಾತಾಡಿದ್ದು ಕೆಲವರಿಗೆ ಹಿಡಿಸಲಿಲ್ಲ.

ವಿಧವೆಯಾದ ಮೇಲೂ ಬಾಗಿಲು ಮುಚ್ಚಲಿಲ್ಲ. ಚಕ್ರವರ್ತಿ ಐದನೇ ಚಾರ್ಲ್ಸ್ ಯುದ್ಧದಲ್ಲಿ ಗೆದ್ದು ಹಳೆಯ ಕ್ಯಾಥೊಲಿಕ್ ಪದ್ಧತಿಗಳನ್ನು ಮತ್ತೆ ಹೇರಿದಾಗ, ಅದನ್ನು ಒಪ್ಪದ ಬುಟ್ಸರ್ ಮತ್ತು ಅವರ ಜೊತೆಯ ಬೋಧಕ ಪೌಲ್ ಫಾಗಿಯಸ್ 1549ರಲ್ಲಿ ಕೆಲಸ ಕಳೆದುಕೊಂಡರು. ಊರು ಬಿಡುವ ಮೊದಲು ಅವರು ಬಚ್ಚಿಟ್ಟುಕೊಂಡದ್ದು ಕಟರೀನಾ ಅವರ ಮನೆಯಲ್ಲಿ. ಕಾಲು ಶತಮಾನದ ಹಿಂದೆ ಇವರ ಮದುವೆ ಮಾಡಿಸಿದವರೇ ಈ ಬುಟ್ಸರ್. ಇಬ್ಬರೂ ಏಪ್ರಿಲ್‌ನಲ್ಲಿ ಇಂಗ್ಲೆಂಡಿಗೆ ಹೊರಟರು. ಹೋಗುವಾಗ ಎರಡು ಚಿನ್ನದ ನಾಣ್ಯ ಬಿಟ್ಟು ಹೋದರು.

ಕಟರೀನಾ ಅವರಿಗೆ ಬೇಸರವಾಯಿತು. ನಿಮ್ಮಿಂದ ನಾನು ಹಣ ತೆಗೆದುಕೊಳ್ಳುವುದಾ, ನನಗೆ ನಾಚಿಕೆಯಾಯಿತು ಎಂದು ಬರೆದರು. ಯೋಸೇಫನು ಅಣ್ಣಂದಿರ ಚೀಲದಲ್ಲಿ ಹಣ ವಾಪಸ್ ಇಟ್ಟ ಹಾಗೆ ಎರಡನ್ನೂ ಕಾಗದದ ಜೊತೆ ಕಳಿಸುವ ಮನಸ್ಸಿತ್ತು. ಅಷ್ಟರಲ್ಲಿ ಊರಿಂದ ಓಡಿಸಲ್ಪಟ್ಟ ಒಬ್ಬ ಬೋಧಕ ಐದು ಮಕ್ಕಳ ಜೊತೆ ಬಂದ. ಕಣ್ಣೆದುರೇ ಗಂಡನ ತಲೆ ಕಡಿದದ್ದನ್ನು ನೋಡಿದ ಇನ್ನೊಬ್ಬ ಬೋಧಕನ ಹೆಂಡತಿಯೂ ಬಂದಳು. ಒಂದು ನಾಣ್ಯವನ್ನು ನಿಮ್ಮ ಹೆಸರಿನಲ್ಲಿ ಇವರಿಗೆ ಹಂಚಿದೆ, ಇನ್ನೊಂದನ್ನು ವಾಪಸ್ ಕಳಿಸುತ್ತಿದ್ದೇನೆ, ನಿಮಗೇ ಬೇಕಾಗುತ್ತದೆ ಎಂದರು.

ಈ ಪ್ರಕರಣದಲ್ಲಿ ನನಗೆ ತುಂಬಾ ಇಷ್ಟವಾದ ದಾಖಲೆ ಇದು. ಹಣ ಬೇಡ ಅನ್ನುವುದು ಒಂದು ದೊಡ್ಡತನ. ಆದರೆ ಹಣ ಬೇಡ ಎನ್ನುವ ತಮ್ಮ ಮರ್ಯಾದೆಗಿಂತ ಬಾಗಿಲಲ್ಲಿ ನಿಂತವರ ಹಸಿವು ದೊಡ್ಡದು ಎಂದು ಆ ಕ್ಷಣದಲ್ಲೇ ತೀರ್ಮಾನಿಸಿದರು. ಕೊಟ್ಟವರ ಹೆಸರನ್ನೂ ಉಳಿಸಿದರು.

ಮನೆಯ ಹುಡುಗನೇ ತಿರುಗಿಬಿದ್ದಾಗ

ಎಲ್ಲ ಅತಿಥಿಗಳೂ ಸ್ನೇಹಿತರಾಗಿ ಉಳಿಯಲಿಲ್ಲ. ಲುಡ್ವಿಗ್ ರಾಬುಸ್ ಹುಡುಗನಾಗಿದ್ದಾಗ ಝೆಲ್ ಮನೆಯಲ್ಲಿ ಇದ್ದವನು. ಮ್ಯಾಥ್ಯೂ ತೀರಿದ ಮೇಲೆ ಅವರ ಜಾಗಕ್ಕೇ ಬಂದ. ಪೀಠ ಹತ್ತಿ ಶ್ವೆಂಕ್‌ಫೆಲ್ಡ್ ಅವರನ್ನೂ ಅನಾಬ್ಯಾಪ್ಟಿಸ್ಟರನ್ನೂ, ಅಂದರೆ ದೊಡ್ಡವರಾದ ಮೇಲೆಯೇ ದೀಕ್ಷಾಸ್ನಾನ ಎನ್ನುವವರನ್ನು, ಬೈದ. 1556ರಲ್ಲಿ ಇದ್ದಕ್ಕಿದ್ದ ಹಾಗೆ ಊರು ಬಿಟ್ಟು ಉಲ್ಮ್‌ಗೆ ಹೋದ. ಕಟರೀನಾ ಬುದ್ಧಿ ಹೇಳಿ ಬರೆದರೆ, ತೀರಾ ಒರಟಾಗಿ ಉತ್ತರ ಕೊಟ್ಟ. ತನ್ನ ಅನ್ನ ತಿಂದವನಿಂದಲೇ ಸಭೆಗೆ ತೊಂದರೆ ಕೊಟ್ಟವಳು ಎನ್ನಿಸಿಕೊಳ್ಳಬೇಕಾಯಿತು.

ಅವರು ಇಡೀ ಪತ್ರವ್ಯವಹಾರವನ್ನು ಅಚ್ಚು ಹಾಕಿಸಿ ಊರಿನವರ ಮುಂದಿಟ್ಟರು. ಕೆಂಟ್ಸಿಂಗೆನ್‌ನ 80 ಜನರ ವಿಷಯ ನಮಗೆ ತಿಳಿದದ್ದೂ ಈ ಜಗಳದಿಂದಲೇ. ತಾನು ಏನು ಮಾಡಿದೆ ಎಂದು ಅಲ್ಲಿಯವರೆಗೆ ಲೆಕ್ಕ ಹೇಳದವರು, ಮರ್ಯಾದೆಯ ಪ್ರಶ್ನೆ ಬಂದಾಗ ಹೇಳಿದರು. ಅನಾಬ್ಯಾಪ್ಟಿಸ್ಟರ ಪರವಾಗಿಯೂ ಅಲ್ಲಿ ಮಾತಾಡಿದ್ದಾರೆ. ಬೇಟೆ ನಾಯಿಗಳು ಕಾಡುಹಂದಿಯನ್ನು ಅಟ್ಟುವ ಹಾಗೆ ಇವರನ್ನು ಅಟ್ಟುತ್ತೀರಲ್ಲ, ಇವರೂ ನಮ್ಮ ಹಾಗೆ ಕ್ರಿಸ್ತನನ್ನು ಒಪ್ಪಿದವರಲ್ಲವೇ ಎನ್ನುವ ಅರ್ಥದಲ್ಲಿ ಕೇಳುತ್ತಾರೆ. ಸಾಯುವ ಮೊದಲು ಮ್ಯಾಥ್ಯೂ ಕೂಡ ಇವರನ್ನು ನೆಮ್ಮದಿಯಾಗಿ ಬಿಡಿ ಎಂದು ಹೇಳಿ ಹೋಗಿದ್ದರು. ರಾಬುಸ್ ಜೊತೆಗಿನ ಸಂಬಂಧವನ್ನು ಈ ಆತಿಥ್ಯದ ಸೋಲು ಎಂದು ಕೆಲವರು ಎಣಿಸಬಹುದು. ನಾನು ಒಪ್ಪುವುದಿಲ್ಲ. ಉಂಡವನು ತಮ್ಮ ಮಾತಿಗೆ ಹೂಂಗುಟ್ಟಬೇಕು ಎಂಬ ಷರತ್ತು ಆ ಮನೆಯಲ್ಲಿ ಯಾವತ್ತೂ ಇರಲಿಲ್ಲ.

ರೋಗಿಗಳ ಮನೆಯಲ್ಲಿ

ಕೊನೆಯ ವರ್ಷಗಳಲ್ಲಿ ಕಟರೀನಾ ಸಿಫಿಲಿಸ್ ರೋಗಿಗಳಿಗಾಗಿ ಊರು ನಡೆಸುತ್ತಿದ್ದ ಮನೆಗೆ ಹೋಗಿ ಇದ್ದರು. ಅವರ ಸಂಬಂಧಿ ಹುಡುಗನೊಬ್ಬ ಅಲ್ಲಿದ್ದ. ಅಲ್ಲಿನ ಊಟ, ಹಾಸಿಗೆ, ನೋಡಿಕೊಳ್ಳುವವರ ನಡತೆ ಯಾವುದೂ ಸರಿಯಿಲ್ಲ ಎಂದು ಕಂಡು, ಏನೇನು ಬದಲಾಗಬೇಕು ಎಂದು ನಗರಸಭೆಗೆ ವಿವರವಾಗಿ ಬರೆದು ಕೊಟ್ಟರು. ಎಂಬತ್ತು ಜನರಿಗೆ ಹಾಸಿಗೆ ಹಾಸಿದವರಿಗೆ ಹಾಸಿಗೆ ಹೇಗಿರಬೇಕು ಎಂದು ಗೊತ್ತಿರುತ್ತದೆ. ಕುಷ್ಠರೋಗ ಬಂದು ಊರ ಹೊರಗೆ ಒಂಟಿಯಾಗಿದ್ದ ಫೆಲಿಕ್ಸ್ ಆರ್ಮ್‌ಬ್ರುಸ್ಟರ್ ಎಂಬ ನಗರಸಭೆಯ ಹಳೆಯ ಸದಸ್ಯರನ್ನು ಹೋಗಿ ನೋಡುತ್ತಿದ್ದರು. ತಮಗೇ ಮೈ ಹುಷಾರಿಲ್ಲದೆ ಹೋಗಲು ಆಗದಾಗ, 51ನೇ ಕೀರ್ತನೆ ಮತ್ತು ಕರ್ತನು ಕಲಿಸಿದ ಪ್ರಾರ್ಥನೆಯ ಮೇಲೆ ಬರೆದ ಧ್ಯಾನಗಳನ್ನು ಅಚ್ಚು ಹಾಕಿಸಿ ಅವರಿಗೆ ಅರ್ಪಿಸಿದರು. ಅದು 1558. ಕೆಂಟ್ಸಿಂಗೆನ್ ಹೆಂಗಸರಿಗೆ ಮಾಡಿದ್ದನ್ನೇ ಮೂವತ್ತನಾಲ್ಕು ವರ್ಷದ ನಂತರ ಮತ್ತೆ ಮಾಡಿದರು.

1562ರಲ್ಲಿ ಶ್ವೆಂಕ್‌ಫೆಲ್ಡ್ ಕಡೆಯ ಒಬ್ಬ ವೈದ್ಯರ ಹೆಂಡತಿ ತೀರಿಕೊಂಡರು. ಈಕೆ ನಂಬಿಕೆಯಿಂದ ಜಾರಿದವಳು ಎಂದು ಸಮಾಧಿಯ ಹೊತ್ತಿನಲ್ಲಿ ಹೇಳಲು ಒಪ್ಪಿದರೆ ಮಾತ್ರ ಬರುತ್ತೇವೆ ಎಂದು ಪಾದ್ರಿಗಳು ಪಟ್ಟು ಹಿಡಿದರು. ಗಂಡ ಒಪ್ಪಲಿಲ್ಲ. ಕಟರೀನಾ ಬೆಳಗಿನ ಜಾವ ಹೋಗಿ ತಾವೇ ಸಮಾಧಿಯ ಪ್ರಾರ್ಥನೆ, ಮಾತು ಎಲ್ಲ ನಡೆಸಿದರು. ಸ್ವಲ್ಪ ತಿಂಗಳಿಗೆ ಅದೇ ಕಡೆಯ ಇನ್ನೊಬ್ಬ ಹೆಂಗಸಿನ ಸಮಾಧಿಗೂ ಅವರೇ ಬೇಕಾಯಿತು. ಆಗ ಅವರಿಗೆ ನಡೆಯಲು ಶಕ್ತಿ ಇರಲಿಲ್ಲ. ಹೊತ್ತುಕೊಂಡು ಹೋಗಬೇಕಾಯಿತು. ವಿಷಯ ನಗರಸಭೆಗೆ ಹೋಯಿತು. ಹುಷಾರಾದ ಮೇಲೆ ಈಕೆಯನ್ನು ಕರೆಸಿ ಎಚ್ಚರಿಕೆ ಕೊಡಬೇಕು ಎಂದು ಸಭೆ ತೀರ್ಮಾನಿಸಿತು. ಕರೆಸುವ ದಿನ ಬರಲಿಲ್ಲ. 1562ರ ಸೆಪ್ಟೆಂಬರ್ 5ರಂದು ಕಟರೀನಾ ತೀರಿಕೊಂಡರು. ಊರಿನ ಅಧಿಕೃತ ಬೋಧಕರಲ್ಲಿ ಅವರ ಬಗ್ಗೆ ಇನ್ನೂ ಅಸಮಾಧಾನ ಇತ್ತು. ಸಮಾಧಿಯ ಕೆಲಸ ಮಾಡಿದವರು ಬುಟ್ಸರ್ ಅವರ ಹಳೆಯ ಕಾರ್ಯದರ್ಶಿ ಕಾನ್ರಾಡ್ ಹೂಬರ್ಟ್.